ಹೊಸ ಸಾಫ್ಟ್‌ವೇರ್ ಬಂದ್ರ ಚಂದ ಕಾಣ್ತದ

ನಮ್ಮ ಮನಿ ಮುಂದಿನ ಖೋಲಿ ಒಂದು ಡಿಟಿಪಿ ಅಂಗಡಿಗೆ ಬಾಡಿಗಿ ಕೊಟ್ಟಾಗಿಂದ ನಾ ಟೀವಿ ಹಚ್ಚೂದ ಬಿಟ್ಟೀನಿ. ಅಲ್ಲಿ ಏನರ ಒಂದು ನಡಕೋತನ ಇರ್ತದ, ನಾ ಕಟ್ಟಿ ಮ್ಯಾಲ ಕುಂತು ಸೊಪ್ಪು ಸೋಸಿಕೋತ ನೋಡ್ಕೋತನ ಇರ್ತೀನಿ.

ಆವಾಗ ಈ ತೆಲುಗು ಸೀಮ್ಯಾಗ, ನಮ್ಮ ಮಿಯಾಪುರದಾಗ ಎಲ್ಲಿ ನೋಡಿದ್ರೂ ಕಂಪ್ಯೂಟರಿನ ಹುಚ್ಚು. ನಿನ್ನಿ ತನಕ ಹಾಲು ಹಾಕ್ತಿದ್ದಾವ ಇವತ್ತು "ಕೋರ್ಸ್ ಮಾಡಾಕತ್ತೀನಿ" ಅಂತಿದ್ದ. ನಮ್ಮ ಅಂಗಡಿ ಹುಡುಗನೂ ಹಂಗ. ಗುಲಬರ್ಗಾ ಕಡೆಯಾವ, ಅಮೀರಪೇಟಿ ಕೋಚಿಂಗ್ ಕ್ಲಾಸಿನ್ಯಾಗ ಡಿಸೈನ್ ಕಲ್ತು, ಹೇಣ್ತಿ ಕರಕೊಂಡು ಬಂದು ಅಂಗಡಿ ಇಟ್ಟ. ಅವನ ಮಾವಗ ಗುಲಬರ್ಗಾದಾಗ ದೊಡ್ಡ ಬ್ಯಾಳಿ ಅಂಗಡಿ. ಮಾವನ ಹೇಣ್ತಿ ತೀರಿ ಭಾಳ ವರ್ಷ ಆಗಿತ್ತು, ಇದ್ದಾಕಿ ಈಕಿ ಒಬ್ಬಾಕಿನ ಮಗಳು. ಮಾವ ಮೊದಲ ಹೇಳಿಬಿಟ್ಟಿದ್ದ: "ಯುಗಾದಿ ತನಕ ನೋಡ್ತೀನಿ. ಅಂಗಡಿ ನಡದ್ರ ಸೈ. ಇಲ್ಲಂದ್ರ ಇಬ್ಬರೂ ಬಂದು ನಮ್ಮ ಮನ್ಯಾಗ ಇರ್ರಿ, ನಮ್ಮ ಗಲ್ಲಾದ ಮ್ಯಾಲ ಕೂಡ್ರಿ."

ಅಂದ್ರ ಮನಿ ಅಳಿಯ. ಮನಿ ಅಳಿಯಗೂ ಮನಿ ಬೆಕ್ಕಿಗೂ ಏನ್ ಫರಕು ಗೊತ್ತದ ಏನ್ರಿ? ಇಲಿ ಹಿಡೀಲಿಲ್ಲ ಅಂತ ಬೆಕ್ಕಿಗೆ ಯಾರೂ ದಿನಾ ಅನ್ನಂಗಿಲ್ಲ. ಹುಡುಗಗ ಆ ಹೆಸರು ಕೇಳಿದ್ರ ಅನ್ನ ಇಳೀತಿದ್ದಿಲ್ಲ.

೧. ಮದುಮಗ ಕಾಣವಲ್ಲ

ಮೊದಲನೇ ಗಿರಾಕಿ ಮಗನ ಲಗ್ನಪತ್ರಿಕಿ ಮಾಡಿಸಾಕ ಬಂದ. ಹುಡುಗ ಕಲ್ತದ್ದೆಲ್ಲಾ ಅದರ ಮ್ಯಾಲ ಸುರುವಿದ. ಅಕ್ಷರಕ್ಕ ಬಂಗಾರದ ಬಣ್ಣ, ಬಂಗಾರಕ್ಕ ನೆರಳು, ನೆರಳಿಗೆ ಮಿಂಚು. ಅದರ ಹಿಂದ ಒಂದು ನವಿಲು, ನವಿಲಿನ ಹಿಂದ ಸೂರ್ಯ.

ಗಿರಾಕಿ ಹಿಂದ ಮುಂದ ತಿರುವಿ ನೋಡಿ ಕೇಳಿದ, "ಚಂದ ಐತಿ. ಮದುಮಗನ ಹೆಸರು ಎಲ್ಲೈತ್ರಿ?"

"ನವಿಲಿನ ಬಾಲದಾಗ ಅದ ನೋಡ್ರಿ."

"ಬಾಲದಾಗ ನನಗೇನೂ ಕಾಣವಲ್ದು."

"ಇದು ಹಳೇ ಸಾಫ್ಟ್‌ವೇರ್ ರೀ. ಹೊಸದು ಬಂದ್ರ ಚಂದ ಕಾಣ್ತದ."

ಕುಣೀಲಾರದಾಕಿ ಅಂಗಳ ಡೊಂಕು ಅಂದ್ಲಂತ. ಇವ ಅಂಗಳಕ್ಕ ಹೊಸ ವರ್ಷನ್ ಬರಲಿ ಅಂದ. ಲಗ್ನದ ತಾರೀಖು ಹತ್ರ ಬಂದಿತ್ತು, ಗಿರಾಕಿ ಅದನ್ನ ಹಂಚಿದ. ಮಂಟಪದಾಗ ಅರ್ಧ ಮಂದಿ ಮದುಮಗ ಯಾರಂತ ಕೇಳಿದ್ರಂತ. ಉಳಿದ ಅರ್ಧ ಮಂದಿ ನವಿಲು ಎಲ್ಲಿ ಅಂತ ಕೇಳಿದ್ರು.

೨. ಎಲ್ಲಾರೂ ಸಮ

ಹುಡುಗ ಕೋಠಿ ಬಜಾರಕ್ಕ ಹೋಗಿ ಹೊಸ ಸಾಫ್ಟ್‌ವೇರಿನ ಸಿಡಿ ತಂದ. ಹೇಣ್ತಿ ಬಾಗಲದಾಗ ನಿಂತು ಅಂದ್ಲು, "ಬ್ಯಾಸಗಿ ಬಂತು, ಮನಿಗೆ ಕೂಲರ್ ಬರಲಿಲ್ಲ. ಇದರ ಮುಂದ ಕುಂತ್ರ ಗಾಳಿ ಬರ್ತದೇನು?"

ಆ ವಾರನ ನಮ್ಮ ಚೌಕಿನ ಲೀಡರನ ಹುಟ್ಟುಹಬ್ಬದ ಬ್ಯಾನರ್ ಕೆಲಸ ಬಂತು. ಇಂಥಾ ಬ್ಯಾನರಿನ ಶಾಸ್ತ್ರ ನಮ್ಮ ಓಣಿ ಕೂಸಿಗೂ ಗೊತ್ತು. ಲೀಡರನ ಮುಖ ಕುಂಬಳಕಾಯಿಯಷ್ಟು, ಹಿಂಬಾಲಕರ ಮುಖ ಕೆಳಗ ಸಾಲಾಗಿ ನಿಂಬಿಕಾಯಿಯಷ್ಟು. ನಮ್ಮ ಹುಡುಗ ಅಮೀರಪೇಟಿಯೊಳಗ ಬ್ಯಾಲೆನ್ಸ್ ಅಂತ ಏನೋ ಕಲ್ತಿದ್ದ. ಎಲ್ಲಾರ ಮುಖಾನೂ ಒಂದ ಅಳತಿ ಮಾಡಿ, ಟ್ರೇದಾಗ ತತ್ತಿ ಇಟ್ಟಂಗ ಇಟ್ಟ.

ಲೀಡರ ಬ್ಯಾನರ್ ನೋಡಿದಾವನ ಅಂಗಡಿಗೆ ಬಂದು ನಿಂತ. ತನ್ನ ಚೀಲ ಹಿಡಿಯೂ ಹಿಂಬಾಲಕನ ಕಡೆ ಬೊಟ್ಟು ಮಾಡಿ ತೆಲುಗಿನ್ಯಾಗ ಕೇಳಿದ, "ಪುಟ್ಟಿನರೋಜು ನಾದಾ, ವೀಡಿದಾ?" ಹುಟ್ಟುಹಬ್ಬ ನಂದೋ ಇವಂದೋ ಅಂತ.

ಹುಡುಗ ಕೈ ಕಟ್ಟಿಕೊಂಡು ಅಂದ, "ಡಿಸೈನಿನಾಗ ಬ್ಯಾಲೆನ್ಸ್ ಇರಬೇಕು ಸಾರ್."

ಮಧ್ಯಾಹ್ನದೊಳಗ ಬ್ಯಾನರ್ ಇಳೀತು. ಆದ್ರ ಅಷ್ಟೊತ್ತಿಗೆ ಆ ಹಿಂಬಾಲಕ ತನ್ನ ಮುಖ ಎಷ್ಟು ದೊಡ್ಡದಾಗಬಹುದು ಅಂತ ನೋಡಿಬಿಟ್ಟಿದ್ದ. ಸಂಜಿಗೆ ಚೀಲ ಕೆಳಗಿಟ್ಟ. ಮುಂದಿನ ಚುನಾವಣಿಗೆ ಲೀಡರನ ಎದುರಿಗೆ ತಾನ ನಿಂತ.

೩. ಸಾಲಿ ಗೇಟಿನಾಗ

ಓಣಿ ಕಡೀ ಮನ್ಯಾಗ ಒಬ್ಬಾಕಿ ಟೀಚರ್‌ಬಾಯಿ ಇದ್ಲು. ಧಾರವಾಡ ಕಡೆಯಾಕಿ. ಗಂಡ ಇಲ್ಲ, ಮಕ್ಕಳಿಲ್ಲ, ನಾಲಿಗಿ ಮಾತ್ರ ಭಗವಂತ ಭರ್ತಿ ಕೊಟ್ಟಿದ್ದ. ಸಾಲಿ ಕಾರ್ಡಿಗೆ ಫೋಟೋ ಬೇಕು ಅಂತ ಬಂದ್ಲು. "ತಮ್ಮಾ, ಜರಾ ಚಂದ ಮಾಡು" ಅಂದ್ಲು.

ಜರಾ ಅನ್ನೂ ಮಾತು ಆ ಹುಡುಗಗ ಗೊತ್ತಿದ್ರ ಹೇಳ್ರಿ. ಹೊಸ ಸಾಫ್ಟ್‌ವೇರಿನಾಗ ಒಂದು ಮುಖದ ಚರ್ಮ ತೆಗದು ಇನ್ನೊಂದು ಮುಖಕ್ಕ ಹಚ್ಚಾಕ ಬರ್ತದಂತ. ಗೆರಿ ಹೋದ್ವು, ಕಲಿ ಹೋದ್ವು, ಗಲ್ಲ ಪೇಡೆ ಆದಂಗ ಆತು.

ಆಕಿ ಹೋದ ಮ್ಯಾಲ ನಾ ಕೇಳ್ದೆ, "ಆ ಗಲ್ಲ ಯಾರದೋ?"

"ನನ್ನ ಹೇಣ್ತಿದ್ರಿ ಆಯಿ. ಆಕಿ ಫೋಟೋದಿಂದ ತಗೊಂಡೆ. ಯಾರಿಗೂ ಹೇಳಬ್ಯಾಡ್ರಿ."

ನನಗ ಹೇಳಿ, ಯಾರಿಗೂ ಹೇಳಬ್ಯಾಡ ಅಂದ. ಪಾಪ, ಊರಿಗೆ ಹೊಸಬ. ನಾನೂ ಮಾತು ಉಳಿಸಿದೆ. ಅವನ ಹೇಣ್ತಿ, ಟೀಚರ್‌ಬಾಯಿ ಇಬ್ಬರನ್ನ ಬಿಟ್ಟು ಉಳಿದವರಿಗಷ್ಟ ಹೇಳ್ದೆ.

ಮರುದಿನ ಸಾಲಿ ಗೇಟಿನಾಗ ಹೊಸ ವಾಚ್‌ಮನ್ ಕಾರ್ಡ್ ನೋಡಿದ, ಮುಖ ನೋಡಿದ. "ಅಮ್ಮಾ, ಮಗಳ ಕಾರ್ಡ್ ಹಾಕ್ಕೊಂಡು ಬಂದೀರಿ. ನಿಮ್ಮದು ತರ್ರಿ" ಅಂತ ಒಳಗ ಬಿಡಲೇ ಇಲ್ಲ. ಟೀಚರ್‌ಬಾಯಿ ಸೀದಾ ಅಂಗಡಿಗೆ ಬಂದ್ಲು. ಇವತ್ತು ಹುಡುಗನ ಕಥಿ ಮುಗೀತು ಅಂತ ನಾ ಸೊಪ್ಪಿನ ಬುಟ್ಟಿ ಸರಿಸಿ, ಎಲ್ಲಾ ಛಂದಂಗ ಕಾಣೂ ಹಂಗ ಕುಂತೆ.

ಆಕಿ ಸೆರಗು ಸರಿ ಮಾಡ್ಕೊಂಡು ಅಂದ್ಲು, "ಇನ್ನೊಂದು ನಾಕು ಕಾಪಿ ಕೊಡು."

೪. ಋಣಾನುಬಂಧ

ಯುಗಾದಿ ಹತ್ರ ಬಂತು. ಅಂಗಡ್ಯಾಗ ನೊಣಾನೂ ಇಲ್ಲ. ಮಾವ ಗುಲಬರ್ಗಾದಿಂದ ಬಂದು, ಖಾಲಿ ಕುರ್ಚಿ ನೋಡಿ, "ಅಳಿಯಾರ, ಟ್ರಕ್ಕಿಗೆ ಹೇಳೀನಿ. ಹಬ್ಬದ ಮರುದಿನ ಸಾಮಾನು ಕಟ್ರಿ" ಅಂದ.

ಹುಡುಗನ ಮುಖ ಬಾಡೇ ಬಿಟ್ಟಿತು. ಮಾವನ ಮನಸ್ಸು ಕರಗೀತೇನೋ ಅಂತ, "ನಿಮ್ಮದೊಂದು ಫೋಟೋ ತೆಗೀತೀನ್ರಿ ಮಾವಾರ" ಅಂದ. ಬೋಳು ತಲಿಗೆ ಕೂದಲು ಬೆಳೆಸಿದ, ಇಲ್ಲದ ಹಲ್ಲು ಕೂಡಿಸಿದ. ಗಲ್ಲಕ್ಕ? ಮನ್ಯಾಗ ಇದ್ದ ಗಲ್ಲ ಅದೊಂದ.

ಮಾವ ಆ ಫೋಟೋ ಹಿಡಕೊಂಡು ಕನ್ನಡಿ ಮುಂದ ನಿಂತ. ಸಂಜಿಗೆ ಮೆಲ್ಲಗ ನನ್ನ ಕಟ್ಟಿಗೆ ಬಂದ.

"ಅಕ್ಕಾರ, ನಿಮಗ ಈ ಕಡೆ ನಮ್ಮ ಮಂದಿ ಪರಿಚಯ ಭಾಳಂತ. ನಡುವಯಸ್ಸಿನವರು, ಒಬ್ಬರ ಇರಾವರು..."

"ಯಾರ ಸಲುವಾಗಿ ಕೇಳಾಕತ್ತೀರಿ?"

ಫೋಟೋ ಮುಂದಿಟ್ಟು, ಬ್ಯಾರೆ ಯಾರದೋ ಸುದ್ದಿ ಹೇಳಾವನಂಗ ಅಂದ, "ಇವರ ಸಲುವಾಗ್ರಿ."

ಇಂಥಾ ಕೆಲಸಕ್ಕ ನನ್ನ ಮೊಣಕಾಲು ನೋಯಂಗಿಲ್ಲ. ಫೋಟೋ ಟೀಚರ್‌ಬಾಯಿಗೆ ಕೊಟ್ಟೆ, ಆಕಿದ ತಂದು ಇವಗ ಕೊಟ್ಟೆ. ಆಕಿ ಅಂದ್ಲು, "ಗಲ್ಲ ನನ್ನ ಗಲ್ಲದಂಗನ ಐತಿ ನೋಡ್ರಿ. ಜೋಡಿ ಅಂದ್ರ ಹಿಂಗಿರಬೇಕು." ಇವ ಕಣ್ಣು ಒರೆಸಿಕೊಂಡು ಅಂದ, "ನೋಡಿದ ಕೂಡಲೇ ಮಾಯಾ-ಮಮತಾ ಉಕ್ಕಿ ಬಂತ್ರಿ ಅಕ್ಕಾರ. ಎಲ್ಲೋ ಕಂಡ ಮುಖ. ಋಣಾನುಬಂಧ ಅಂದ್ರ ಇದ." ಹಾಲನ್ನ ತಿನಿಸಿ ಬೆಳೆಸಿದ ಮಗಳ ಗಲ್ಲ, ಕಂಡಂಗ ಅನಿಸಲಾರದೇನು? ನಾ ಸೆರಗು ಬಾಯಾಗ ಇಟ್ಟುಕೊಂಡೆ.

ನಮ್ಮ ಪಡಸಾಲ್ಯಾಗನ ಭೆಟ್ಟಿ. ಇವ ಮೊದಲ ಬಂದು ಕುಂತ. ಆಕಿ ಹಸಿರು ಸೀರಿ ಉಟ್ಟು ಬಂದು ಎದುರಿಗೆ ಕುಂತ್ಲು. ನಮಸ್ಕಾರ ಆತು, ಚಾ ಆತು. ಇಬ್ಬರೂ ಬಾಗಲ ಕಡೆನ ನೋಡಾಕತ್ತಿದ್ರು.

ಇವ ನನ್ನ ಕಿವ್ಯಾಗ ಕೇಳಿದ, "ಅವ್ವಾರು ಬಂದ್ರು. ಹುಡಿಗಿ ಎಲ್ರಿ?"

ಆಕಿ ಇನ್ನೊಂದು ಕಿವ್ಯಾಗ ಕೇಳಿದ್ಲು, "ಅಪ್ಪಾರನ್ನ ಕಳಿಸಿ ಅವರು ಯಾಕ ಹಿಂದ ಉಳದ್ರು?"

ನಾ ಗಟ್ಟ್ಯಾಗಿ ಹೇಳಿದೆ, "ಬರಾವರು ಇಬ್ಬರೂ ಬಂದೀರಿ. ಇನ್ನ ಯಾರೂ ಬರಂಗಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ರು. ಮೊದಲ ನಕ್ಕಾಕಿ ಟೀಚರ್‌ಬಾಯಿ. "ಫೋಟೋದಾಗಿನವರು ತಮ್ಮಷ್ಟಕ್ಕ ತಾವು ಲಗ್ನ ಆಗ್ಲಿ ಬಿಡ್ರಿ" ಅಂದ್ಲು. "ನಾವು ನಮ್ಮ ಮಾತು ಆಡೋಣು."

ಮಾತು ಕೂಡಿತು. ಆಕಿದು ಒಂದ ಕರಾರು: "ಮಗಳು ಅಳಿಯ ಇಲ್ಲೇ ತಮ್ಮ ಮನ್ಯಾಗ ಇರ್ಲಿ. ಗಲ್ಲಾದ ಮ್ಯಾಲ ನಾ ಕೂಡ್ತೀನಿ." ಹಬ್ಬದ ಮರುದಿನ ಹೇಳಿದ್ದ ಟ್ರಕ್ ಬಂತು. ಟೀಚರ್‌ಬಾಯಿಯ ಸಾಮಾನು ತುಂಬಿಕೊಂಡು ಹೋತು.

"ನೋಡಿದ್ರಿಲ್ಲೋ ಆಯಿ," ಹುಡುಗ ಕುಣಿದಾಡಿದ, "ಕೈಚಳಕದಿಂದ ಆಗಲಾರದ್ದು ಸಾಫ್ಟ್‌ವೇರಿನಿಂದ ಆತು."

ಹೇಣ್ತಿಗೆ ಗಲ್ಲದ ಸುದ್ದಿ ಆವಾಗ ಗೊತ್ತಾತು. ಯಾರು ಹೇಳಿದ್ರು ಅಂತ ನನ್ನ ಕೇಳಬ್ಯಾಡ್ರಿ. ನನ್ನ ಗಲ್ಲ ಹಚ್ಚಿ ನನಗ ಮಲತಾಯಿನ್ನ ತಂದುಕೊಟ್ಟಿ ಅಂತ ಗಂಡನ ಮ್ಯಾಲ ಹಾರಿಬಿದ್ದು, ಅಂಗಡಿಗೆ ತಾನ ಒಂದು ಬೋರ್ಡ್ ಬರದು ಹಾಕಿದ್ಲು: ಇಲ್ಲಿ ಮುಖ ಇದ್ದಂಗ ಫೋಟೋ ತೆಗೀತಾರ.

ಒಬ್ಬ ಗಿರಾಕಿನೂ ಮೆಟ್ಟಿಲ ಹತ್ತಲಿಲ್ಲ. ವಾರ ತುಂಬೂದ್ರಾಗ ಬೋರ್ಡ್ ಆಕಿನ ತೆಗದ್ಲು.

ಮರುದಿನ ಮುಂಜಾನೆ ಫೋಟೋಕ್ಕ ಮೊದಲ ಹೋಗಿ ಕುಂತಾಕಿ ನಾನ. ಹೇಣ್ತಿ ಒಳಗ ಒಗ್ಗರಣಿ ಹಾಕಾಕತ್ತಿದ್ಲು. ನಾ ಹುಡುಗನ ಹತ್ರ ಬಗ್ಗಿ ಮೆಲ್ಲಗ ಹೇಳಿದೆ:

"ತಮ್ಮಾ, ನನಗೂ ಅದ ಗಲ್ಲ ಹಚ್ಚು."