ದೊಡ್ಡಪ್ಪನೋ ಚಿಕ್ಕಪ್ಪನೋ

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ತಟ್ಟೆ ಇಡಲು ಜಾಗ ಸಿಗದೆ ಹೋದದ್ದೇ ಎಲ್ಲ ರಾಮಾಯಣಕ್ಕೂ ಮೂಲ.

"ರೀ, ಈ ಮನೇಲಿ ಒಂದೋ ನಿಮ್ಮ ದೊಡ್ಡಪ್ಪ ಇರ್ಲಿ, ಇಲ್ಲಾ ಚಿಕ್ಕಪ್ಪ ಇರ್ಲಿ. ಸಂಜೆಯೊಳಗೆ ಒಬ್ಬರು ಹೊರಗೆ ಹೋಗ್ಬೇಕು" ಎಂದಳು ಹೆಂಡತಿ, ತಟ್ಟೆಯನ್ನು ಗಂಡನ ತೊಡೆಯ ಮೇಲಿಟ್ಟು.

ಗಂಡನಿಗೆ ಪೇಟೆಯಲ್ಲಿ ಕನ್ನಡಕದಂಗಡಿ. ಇಡೀ ದಿನ ಗಿರಾಕಿಗಳ ಕಣ್ಣಿಗೆ ಗಾಜು ಹಿಡಿದು "ಇದು ಸ್ಪಷ್ಟವೋ, ಅದೋ?" ಎಂದು ಕೇಳುವ ಮನುಷ್ಯ, ಅದೇ ಪ್ರಶ್ನೆಯನ್ನು ಯಾರಾದರೂ ಅವನಿಗೆ ಕೇಳಿದರೆ ಬೆವರುತ್ತಿದ್ದ. ದೊಡ್ಡಪ್ಪ, ಚಿಕ್ಕಪ್ಪ ಎಂದರೆ ಮೇಜನ್ನು ಪೂರ್ತಿ ಆಕ್ರಮಿಸಿದ್ದ ಅವನ ಎರಡು ಹಳೆಯ ಸಿಂಥಸೈಜರುಗಳು. ನೋಡಲು ಹಾರ್ಮೋನಿಯಂನಂತೆ ಬೆರಳೊತ್ತುವ ಮನೆಗಳಿರುವ ಪೆಟ್ಟಿಗೆ, ಮೈತುಂಬ ಗುಂಡಿ. ಅವುಗಳ ಹೊಟ್ಟೆಯೊಳಗೆ ಸೀಕ್ವೆನ್ಸರ್ ಎಂಬುದೊಂದಿತ್ತು. ಒಮ್ಮೆ ರಾಗ ಕಲಿಸಿಬಿಟ್ಟರೆ ನೆನಪಿಟ್ಟುಕೊಂಡು ತಾನೇ ಮತ್ತೆ ಮತ್ತೆ ನುಡಿಸುತ್ತಿತ್ತು.

ಸಂಜೆ ಒಂದನ್ನು ಕೊಂಡೊಯ್ಯಲು ಶಾಲೆಯ ಸಂಗೀತದ ಮೇಷ್ಟ್ರು ಒಪ್ಪಿದ್ದರು. ಯಾವುದನ್ನು ಎಂಬುದಷ್ಟೇ ಬಾಕಿ. ಕನ್ನಡಕದವನು ತಾನೇ ಕಟ್ಟಿದ ಪುಟ್ಟ ರಾಗವೊಂದನ್ನು ಎರಡಕ್ಕೂ ಕಲಿಸಿ ಪರೀಕ್ಷಿಸಲು ಕುಳಿತ. ಇಬ್ಬರಿಗೂ ಕೊಳಲಿನಂಥ ಒಂದೇ ದನಿ ಕೂರಿಸಿದ.

ದೊಡ್ಡಪ್ಪನಿಗೆ ಸ್ವರಗಳನ್ನು ಒಂದೊಂದಾಗಿ, ಮಗುವಿಗೆ ತುತ್ತು ಕೊಟ್ಟಂತೆ ಉಣಿಸಬೇಕು. ತಡವರಿಸಿದರೂ ಚಿಂತೆಯಿಲ್ಲ, ನುಡಿಸುವಾಗ ಮಾತ್ರ ಎಲ್ಲವನ್ನೂ ಅಳೆದು ಜೋಡಿಸಿಕೊಂಡು ಗಡಿಯಾರದ ಹಾಗೆ ನಡೆಯುತ್ತಾನೆ. ಚಿಕ್ಕಪ್ಪನ ಜಾತಕವೇ ಬೇರೆ. ನಾವು ನುಡಿಸಿದ್ದನ್ನು ಹಾಗೆ ಹಾಗೆಯೇ ನುಂಗುತ್ತಾನೆ. ಬೆರಳು ಅಳುಕಿದರೆ ಆ ಅಳುಕೂ ನೆನಪಿರುತ್ತದೆ, ಮಧ್ಯೆ ಸೀನಿದರೆ ಆ ನಿಲುಗಡೆಯೂ. ಆದರೆ ಕರೆಂಟು ಹೋದರೆ ಚಿಕ್ಕಪ್ಪ ಬೋರಲು ಹಾಕಿದ ಕೊಡ. ಹನಿ ನೆನಪೂ ಉಳಿಯದು.

ಇದನ್ನು ಕೇಳುತ್ತ ಕೇಳುತ್ತ ಕನ್ನಡಕದವನಿಗೆ ಊಟ ಮರೆತೇಹೋಯಿತು. ಒಂದೇ ರಾಗ, ಒಬ್ಬನ ಬಾಯಲ್ಲಿ ಕವಾಯತು, ಇನ್ನೊಬ್ಬನ ಬಾಯಲ್ಲಿ ಹರಟೆ. ಇದು ಹೇಗೆ?

ಅಷ್ಟರಲ್ಲಿ ಬಾಗಿಲು ಬಡಿಯಿತು. ಪಕ್ಕದ ಮನೆಯ ನರ್ಸಮ್ಮ.

"ನಾಚಿಕೆ ಆಗ್ಬೇಕು ನಿಮಗೆ! ವಯಸ್ಸಾದ ದೊಡ್ಡಪ್ಪನ್ನ ಬೀದಿಗೆ ಹಾಕ್ತೀರಂತೆ? ಗೋಡೆಗೂ ಕಿವಿ ಇರುತ್ತೆ, ತಿಳ್ಕೊಳ್ಳಿ. ಎಲ್ಲಿ ಅವರು? ಊಟ ಆಯ್ತಾ ಅವರದ್ದು?"

"ಅವರು ಊಟ ಮಾಡಲ್ಲಮ್ಮ, ಕರೆಂಟು ಕುಡೀತಾರೆ" ಎಂದು ಅವನು ಮೇಜು ತೋರಿಸಿದ. ಸಿಟ್ಟಿಳಿದ ನರ್ಸಮ್ಮ ಮನೆಗೆ ಹೋದಳೇ? ಇಲ್ಲ, ಕುರ್ಚಿ ಎಳೆದುಕೊಂಡಳು. ಎರಡನ್ನೂ ಕೇಳಿ, "ಚಿಕ್ಕಪ್ಪನೇ ಸೈ. ಉಸಿರಾಡ್ತಾನೆ. ನಿಮ್ಮ ದೊಡ್ಡಪ್ಪಂಗೆ ನಾಡಿ ಇದೆ, ಜೀವ ಇಲ್ಲ" ಎಂದು ತೀರ್ಪು ಕೊಟ್ಟಳು.

"ಯಾರು ಹೇಳಿದ್ದು?" ಮಹಡಿ ಮನೆಯ ನಿವೃತ್ತ ಸ್ಟೇಷನ್ ಮಾಸ್ತರರು ತೆರೆದ ಬಾಗಿಲಿಂದ ಒಳಗೆ ಬಂದೇ ಬಿಟ್ಟಿದ್ದರು. "ಟೈಮಿಗೆ ಸರಿಯಾಗಿ ಬರೋದು ದೊಡ್ಡಪ್ಪ. ಚಿಕ್ಕಪ್ಪ ಬರೋದು ನಮ್ಮ ಕಾಲದ ಪ್ಯಾಸೆಂಜರ್ ಗಾಡಿ ಬಂದ ಹಾಗೆ. ಉಸಿರಾಡ್ತಾನಂತೆ, ಉಸಿರು!"

ಇಬ್ಬರಿಗೂ ಹತ್ತಿಕೊಂಡಿತು. ಕನ್ನಡಕದವನು ನರ್ಸಮ್ಮ ಹೇಳಿದ್ದಕ್ಕೂ ಹೌದೆಂದ, ಮಾಸ್ತರರು ಹೇಳಿದ್ದಕ್ಕೂ ಹೌದೆಂದ; ಇಬ್ಬರಿಂದಲೂ ಬೈಸಿಕೊಂಡ.

"ಎರಡನ್ನೂ ಒಂದೇ ಹಳಿ ಮೇಲೆ ಓಡ್ಸಿ, ಗೊತ್ತಾಗುತ್ತೆ" ಎಂದರು ಮಾಸ್ತರರು. ಹಿಂಬದಿಯ ತೂತುಗಳಿಗೆ ತಂತಿ ಸಿಕ್ಕಿಸಿ, ದೊಡ್ಡಪ್ಪ ಹಾಕುವ ತಾಳಕ್ಕೆ ಚಿಕ್ಕಪ್ಪ ನಡೆಯುವಂತೆ ಮಾಡಿದ್ದಾಯಿತು. ಗುಂಡಿ ಒತ್ತಿದರೆ ದೊಡ್ಡಪ್ಪ ಗಂಭೀರವಾಗಿ ಹೊರಟ. ಚಿಕ್ಕಪ್ಪ ಬಾಲಕ್ಕೆ ಬೆಂಕಿ ಬಿದ್ದ ಕೋತಿಯಂತೆ ಎರಡರಷ್ಟು ವೇಗದಲ್ಲಿ ಓಟ ಕಿತ್ತ! ದೊಡ್ಡಪ್ಪ ಒಂದು ತಾಳವನ್ನು ಎಷ್ಟು ಚೂರು ಮಾಡಿ ಎಣಿಸುತ್ತಾನೋ, ಅದರಲ್ಲಿ ಅರ್ಧದಷ್ಟು ಚೂರುಗಳಿಗೇ ಚಿಕ್ಕಪ್ಪನ ತಾಳ ಮುಗಿಯುತ್ತಿತ್ತು.

"ಅಯ್ಯೋ, ಲೆಕ್ಕವೇ ಬೇರೆ ಬೇರೆ! ಎಂಥ ಚೆಂದ ಅಲ್ವಾ?" ಎಂದು ಕನ್ನಡಕದವನು ಮಗುವಿನಂತೆ ಕುಣಿದ. ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದು ಬಂದು ನೋಡಿದಳು. ಬೆಳಿಗ್ಗೆಯಿಂದ ಅದೇ ರಾಗ ಕೇಳಿ ಕೇಳಿ ಅವಳ ತಲೆ ಹಾಲಿನಂತೆ ಉಕ್ಕುತ್ತಿತ್ತು.

ಆ ಗದ್ದಲದಲ್ಲೇ ಸಂಗೀತದ ಮೇಷ್ಟ್ರು ಗಾಡಿ ಸಮೇತ ಬಂದರು. "ಯಾವುದಪ್ಪಾ ನಂದು?"

ಕನ್ನಡಕದವನು ದೊಡ್ಡಪ್ಪನತ್ತ ಬೆರಳು ತೋರಿಸಿದ, ಅದೇ ಬೆರಳನ್ನು ಚಿಕ್ಕಪ್ಪನತ್ತ ತಿರುಗಿಸಿದ.

"ಕಣ್ಣು ಕಟ್ಟಿ ಕೇಳಿಸಿ. ಆಗ ಕಿವಿ ಸುಳ್ಳು ಹೇಳಲ್ಲ" ಎಂದರು ಮೇಷ್ಟ್ರು. ನರ್ಸಮ್ಮ ಬ್ಯಾಂಡೇಜು ತಂದು ಕನ್ನಡಕದವನ ಕಣ್ಣಿಗೆ ಕಟ್ಟಿಯೇ ಬಿಟ್ಟಳು. ಕತ್ತಲಾದೊಡನೆ ಅವನಿಗೆ ಎಲ್ಲಿಲ್ಲದ ಧೈರ್ಯ ಬಂತು.

"ಎಲ್ಲರೂ ಕೇಳಿಸ್ಕೊಳ್ಳಿ. ಯಾರ ನೆನಪು ಗೆಲ್ಲುತ್ತೋ ಅವರು ಮನೇಲಿ. ಸೋತವರು ಮೇಷ್ಟ್ರ ಗಾಡಿಗೆ. ಇದು ನನ್ನ ಮಾತು, ಮಾತು ಅಂದ್ರೆ ಮಾತು!"

ಮೊದಲ ಸಲ ರಾಗ ಬಂತು. "ಅಚ್ಚುಕಟ್ಟು. ಆದ್ರೆ ಸ್ವಲ್ಪ ಒಣಕಲು" ಎಂದ. ಎರಡನೆಯ ಸಲಕ್ಕೆ ಮೇಜಿನ ಕೆಳಗೆ ಏನೋ ಟಪ್ ಎಂದಿತು. ಯಾರೋ ಅಯ್ಯೋ ಎಂದರು, ಯಾರೋ ಶ್ ಎಂದರು. ಆಮೇಲೆ ರಾಗ ಎದ್ದಿತು. ತಾಳ ತಪ್ಪಲಿಲ್ಲ, ಆದರೂ ತಿರುವಿನಲ್ಲಿ ತುಸು ನಿಂತು, ನಕ್ಕು, ಮುಂದೆ ಹೋದಂತಿತ್ತು. ಕನ್ನಡಕದವನು ಹಾರಿ ಎದ್ದು ನಿಂತ.

"ಇದೇ! ಇದೇ! ಇದಕ್ಕೆ ಸಾಟಿಯೇ ಇಲ್ಲ!" ಎಂದು ಬ್ಯಾಂಡೇಜು ಕಿತ್ತೆಸೆದ.

ಚಿಕ್ಕಪ್ಪನ ಕಪ್ಪು ಬಿಳಿ ಮನೆಗಳ ಮೇಲೆ ಹೆಂಡತಿಯ ಬೆರಳುಗಳಿದ್ದವು. ಸೌಟು ಪಕ್ಕದಲ್ಲಿತ್ತು.

"ನನ್ನ ಕಾಲು ತಾಗಿ ಪ್ಲಗ್ಗು ಕಿತ್ತು ಬಂತು" ಎಂದಳು ನರ್ಸಮ್ಮ ಮೆಲ್ಲಗೆ. "ಮತ್ತೆ ಸಿಕ್ಕಿಸಿದ್ರೆ ಚಿಕ್ಕಪ್ಪಂಗೆ ಏನೂ ನೆನಪಿಲ್ಲ. ನಿಮ್ಮಾಕೇನೇ ಕೈ ಹಾಕಿದ್ಲು."

"ಹಾಗಾದ್ರೆ ಗೆದ್ದಿದ್ದು ನನ್ನ ನೆನಪು" ಎಂದಳು ಹೆಂಡತಿ. "ನಾನು ಮನೇಲಿ ಇರ್ತೀನಿ."

"ಆದ್ರೆ ನೀನು ನುಡಿಸಿದ್ದು ಚಿಕ್ಕಪ್ಪನ ಮೇಲಲ್ವೇನೇ..."

"ಮಾತು ಅಂದ್ರೆ ಮಾತು" ಎಂದು ಸ್ಟೇಷನ್ ಮಾಸ್ತರರು ಹಸಿರು ಬಾವುಟ ತೋರಿದವರಂತೆ ಕೈಯೆತ್ತಿದರು. ದೊಡ್ಡಪ್ಪ, ಚಿಕ್ಕಪ್ಪ ಇಬ್ಬರೂ ಮೇಷ್ಟ್ರ ಗಾಡಿಯೇರಿ ಹೋದರು.

ರಾತ್ರಿ ಗಂಡ ಹೆಂಡಿರು ಬಯಲಿನಂಥ ಮೇಜಿನ ಮುಂದೆ ಊಟಕ್ಕೆ ಕುಳಿತರು. ಅವನು ಅನ್ನ ಕಲಸುತ್ತಲೇ ಇದ್ದ. ಅವಳೂ ಉಣ್ಣುತ್ತಿರಲಿಲ್ಲ, ಎಡಗೈ ಬೆರಳುಗಳು ಮೇಜಿನ ಮೇಲೆ ಓಡಾಡುತ್ತಿದ್ದವು.

"ರೀ, ಬೆರಳು ಸುಮ್ನೆ ಇರ್ತಿಲ್ಲ ಕಣ್ರೀ. ಮೇಷ್ಟ್ರಿಗೆ ಫೋನ್ ಮಾಡಿ ಒಂದನ್ನ ವಾಪಸ್ ತರ್ಸಿ."

ಅವನು ಎಂಜಲು ಕೈಯಲ್ಲೇ ಎದ್ದು ಫೋನಿಗೆ ಹಾರಿದ. ಆ ಕಡೆ ಗಂಟೆ ಬಡಿಯುತ್ತಿರುವಾಗ ಖುಷಿಯಿಂದ ತಿರುಗಿ ಕೇಳಿದ: "ಯಾವುದು ತರ್ಸ್ಲಿ?"

"ಅದನ್ನೂ ನಾನೇ ಹೇಳ್ಬೇಕಾ? ಇಡೀ ದಿನ ಪರೀಕ್ಷೆ ಮಾಡಿದ್ದು ನೀವು. ಯಾವುದು ಒಳ್ಳೇದೋ ಅದು."

"ಹಲೋ" ಎಂದರು ಮೇಷ್ಟ್ರು.

ಕನ್ನಡಕದವನು ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ.

"ಹಲೋ? ಯಾರ್ರೀ ಅದು? ಮಾತಾಡ್ರೀ!"