ಬಾಗಿಲಲ್ಲಿ ನಿಂತ ಕೆಂಪು ಜಾಕೀಟು

ಜಾಕೀಟು ಮಾರುವವನಿಗೆ ಬೇಸಿಗೆಯಲ್ಲಿ ಏನೂ ಆಗುವುದಿಲ್ಲ. ಥಂಡಿ ಬಿತ್ತೆಂದರೆ ಮಾತ್ರ ಇಂಥ ಫಜೀತಿಗಳು ಒಂದರ ಹಿಂದೊಂದು ಬರುತ್ತವೆ. ಎಲ್ಲ ಜಿನೇಂದ್ರನ ಇಚ್ಛೆ ಎಂದುಕೊಳ್ಳುತ್ತೇನೆ.

೧

ಸಮಡೋಳಿಯಲ್ಲಿ ಮನೆಯ ಮುಂದಿನ ಖೋಲಿಯೇ ನನ್ನ ಅಂಗಡಿ. ಮಿರಜದಿಂದ ತಂದ ಫ್ಲಾನೆಲ್ ಶರ್ಟು, ಟೊಪ್ಪಿಗಿ ಇರುವ ಜಾಕೀಟು ಮಾರುತ್ತೇನೆ. ಹೋದ ಚಳಿಗಾಲದಲ್ಲಿ ಊರಿಗೆ ದಿಗಂಬರ ಮುನಿ ಮಹಾರಾಜರು ಬಂದರು. ಬೆಳಿಗ್ಗೆ ದರ್ಶನಕ್ಕೆ ಹೋದೆ, ಜಾಕೀಟಿನ ಟೊಪ್ಪಿಗಿ ಹುಬ್ಬಿನ ತನಕ ಎಳೆದುಕೊಂಡು. ಮೈಮೇಲೆ ಒಂದೆಳೆ ನೂಲೂ ಇಲ್ಲದ ಮಹಾರಾಜರು ಕೇಳಿದರು: "ಥಂಡಿ ಭಾಳ ಐತೇನಪಾ?"

ನಾಚಿಕೆಯಿಂದ ಅಲ್ಲೇ ಜಾಕೀಟು ಕಳಚಿ, "ಇಲ್ರಿ ಮಹಾರಾಜ" ಎಂದೆ. ಹಲ್ಲು ಕಟಕಟ ಎನ್ನುತ್ತಿತ್ತು. ಪಕ್ಕದ ಮನೆಯ ಕಾಕಾ ಅದನ್ನೆತ್ತಿ ತಾವೇ ತೊಟ್ಟುಕೊಂಡರು.

"ತ್ಯಾಗಾ ನಿಂದು, ಪುಣ್ಯಾನೂ ನಿಂದು. ಜಾಕೀಟ ಅಷ್ಟ ನನಗಿರಲಿ."

೨

ಮುನಿಗಳು ಉಣ್ಣುವುದು ದಿನಕ್ಕೊಂದೇ ಸಲ. ಮನಸ್ಸಿನಲ್ಲಿ ಗುಟ್ಟಾಗಿ ಒಂದು ನೇಮ ಹಿಡಿದು ಹೊರಡುತ್ತಾರೆ. ಸಂಸಾರಿ ಜೈನರು, ಅಂದರೆ ಶ್ರಾವಕರಾದ ನಾವು, ಬಾಗಿಲಲ್ಲಿ ಕಾಯಬೇಕು. ನೇಮಕ್ಕೆ ಹೊಂದುವ ಬಾಗಿಲು ಸಿಗದಿದ್ದರೆ ಆ ದಿನ ಉಪವಾಸ. ಎರಡು ದಿನ ಸಿಗಲೇ ಇಲ್ಲ. ನಮ್ಮ ಗಂಟಲಲ್ಲೂ ತುತ್ತು ಇಳಿಯಲಿಲ್ಲ.

ಮೂರನೆಯ ದಿನ ಕಾಕಾ, ನೇಮ ಯಾವುದಿದ್ದರೂ ಹೊಂದಲಿ ಎಂದು, ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಕಬ್ಬು, ತಲೆಯ ಮೇಲೆ ಕಳಶ ಹೊತ್ತು, ಮನೆಮಂದಿ ಏಳೂ ಜನರೊಂದಿಗೆ ನಿಂತರು. ಅವರ ಹೆಂಡತಿ ಕಾಕು ಹೇಳಿದರು: "ಆಹಾರ ಕೊಡಾಕ ನಿಂತೀರೋ, ಸಂತಿಗೆ ಹೊಂಟೀರೋ?"

ಮಹಾರಾಜರು ಆ ಬಾಗಿಲನ್ನೂ ದಾಟಿದರು.

೩

ಮುಂದಿನದು ನಮ್ಮ ಬಾಗಿಲು. ಮಿಂದು ಮಡಿಯುಟ್ಟು ನಾನೂ ನನ್ನಾಕೆಯೂ ನಿಂತಿದ್ದೆವು. ಆಗ ಅವಳು ಪಿಸುಗುಟ್ಟಿದಳು: "ಅಯ್ಯ, ಗೊಂಬಿ ಇಲ್ಲೇ ಐತಲ್ರಿ!"

ಅಂಗಡಿಯ ಆಳೆತ್ತರದ ಗೊಂಬೆ, ಕೆಂಪು ಜಾಕೀಟು ತೊಟ್ಟು, ಟೊಪ್ಪಿಗಿ ಏರಿಸಿಕೊಂಡು, ನಮ್ಮ ಬದಿಗೇ!

"ಸರಸ್ರಿ ಅದನ್ನ!"

"ಮುಟ್ಟಿದ್ರ ಮಡಿ ಕೆಡತೈತಿ!"

ಅಷ್ಟರಲ್ಲಿ ಮಹಾರಾಜರು ಬಂದೇಬಿಟ್ಟರು. "ನಮೋಸ್ತು, ನಮೋಸ್ತು" ಎಂದೆವು. ಅವರು ನಿಂತರು. ಒಳಗೆ ಬಂದರು. ಆಹಾರ ನಿರ್ವಿಘ್ನವಾಗಿ ಮುಗಿಯಿತು. ನನ್ನ ಕಣ್ಣಲ್ಲಿ ನೀರು.

ಹೊರಗೆ ಕೂಡಿದ್ದ ಜನರೊಳಗಿಂದ ಕಾಕಾ ಕೇಳಿದರು: "ನೇಮ ಏನಿತ್ರಿ ಮಹಾರಾಜ?"

"ಬರೇ ಮೂರು ಮಂದಿ ಶ್ರಾವಕರು ನಿಂತ ಬಾಗಲಾ."

ನನ್ನಾಕೆ ನನ್ನ ತೋಳು ಚಿವುಟಿದಳು. ನಾವಿದ್ದದ್ದು ಇಬ್ಬರೇ. ಆದರೆ ಥಂಡಿಯಿಲ್ಲ ಎಂದದ್ದೊಂದು ಬಿಟ್ಟರೆ, ಸುಳ್ಳಾಡೆನೆಂದು ವ್ರತ ಹಿಡಿದವನು ನಾನು.

"ಮಹಾರಾಜ... ಮೂರನೇದ್ದು ಅಂಗಡಿ ಗೊಂಬಿರಿ."

ಮಹಾರಾಜರು ಗೊಂಬೆಯನ್ನು ಅಡಿಯಿಂದ ಮುಡಿಯ ತನಕ ನೋಡಿದರು.

"ಇದು ಸುಳ್ಳ ಹೇಳತೈತೇನು?"

"ಇಲ್ರಿ."

"ಸಿಟ್ಟಿಗೇಳತೈತೇನು?"

"ಇಲ್ರಿ."

"ಮಂದಿ ಜಾಕೀಟ ಎತ್ತಿ ಹಾಕ್ಕೋತೈತೇನು?"

ಕಾಕಾ ಮೆಲ್ಲಗೆ ಹಿಂದೆ ಸರಿದರು.

"ಪ್ರಾಯಶ್ಚಿತ್ತ ನಂದು ನಾ ನೋಡ್ಕೋತೇನಿ," ಎಂದು ಮಹಾರಾಜರು ನಕ್ಕರು. "ಆದ್ರ ಇದು ಶ್ರಾವಕ ಅನ್ನೂದರಾಗ ಸಂಶೆ ಇಲ್ಲ. ನಿಮ್ಮಿಬ್ಬರನ್ನ ಎಣಿಸಬೇಕೋ ಬ್ಯಾಡೋ, ಅದನ್ನ ವಿಚಾರ ಮಾಡತೇನಿ."