ಸಾಹೇಬರ ಪರದೆಯಲ್ಲಿ ಕಾಣದ ಪಟ್ಟಿ

ಕಂಪ್ಯೂಟರಿನ ಮುಖ್ಯ ಸೂಚಿಯಲ್ಲಿ ಹೆಸರಿಲ್ಲದ ಪಟ್ಟಿ ಪಟ್ಟಿಯೇ ಅಲ್ಲ ಎಂಬುದು ನಲ್ಲಿ ನೀರಿನ ಕಚೇರಿಯ ಹದಿನಾಲ್ಕನೆಯ ನಿಯಮ.

ಗುಮಾಸ್ತರು ಮೂರು ವಾರ ಬೆನ್ನು ಬಗ್ಗಿಸಿ, ನಲ್ಲಿ ಕೇಳಿದ ಮುನ್ನೂರ ಹನ್ನೆರಡು ಮನೆಗಳನ್ನು ತಾತ್ಕಾಲಿಕ ಪಟ್ಟಿಯೊಂದಕ್ಕೆ ಏರಿಸಿದ್ದರು. ಏರಿಸಿದ ಅರ್ಜಿಗಳು ನಿಯಮದಂತೆ ಅಂದಂದೇ ರದ್ದಿ ಬುಟ್ಟಿಗೆ ಹೋಗಿದ್ದವು. ತಾತ್ಕಾಲಿಕ ಪಟ್ಟಿಯ ಗುಣವೇ ಹಾಗೆ: ಮಾಡಿದವನ ಪರದೆಯಲ್ಲಿ ಮಾತ್ರ ಕಾಣುತ್ತದೆ, ಅವನು ಲಾಗೌಟ್ ಆದರೆ ಅಳಿದುಹೋಗುತ್ತದೆ. ಆದ್ದರಿಂದ ಅವರು ಸಂಜೆ ಲಾಗೌಟ್ ಆಗದೆ ಬರೀ ಪರದೆಗೆ ಬೀಗ ಹಾಕಿ, ಕಂಪ್ಯೂಟರಿಗೆ ಕೈ ಮುಗಿದು ಮನೆಗೆ ಹೋಗುತ್ತಿದ್ದರು.

ಪಟ್ಟಿ ಕಾಯಂ ಆಗಿ ಮುಖ್ಯ ಸೂಚಿಗೆ ಸೇರಲು ಸಾಹೇಬರ ಒಪ್ಪಿಗೆ ಬೇಕು. ಒಪ್ಪಿಗೆ ಸಿಗಲು ಅದು ಸಾಹೇಬರ ಪರದೆಯಲ್ಲಿ ಕಾಣಬೇಕು. ಕಾಣಲು ಅದು ಕಾಯಂ ಆಗಿರಬೇಕು.

"ಒಂದು ಸಲ ನನ್ನ ಕುರ್ಚಿ ಹತ್ತಿರ ಬಂದು ನೋಡಿಬಿಡಿ ಸಾರ್, ಹತ್ತೇ ಹೆಜ್ಜೆ," ಎಂದರು ಗುಮಾಸ್ತರು.

"ನಿಮ್ಮ ಕುರ್ಚಿಯಿಂದ ಕಾಣೋದು ನಿಮ್ಮ ಅಭಿಪ್ರಾಯ ಕಣ್ರೀ. ನನ್ನ ಕುರ್ಚಿಯಿಂದ ಕಾಣೋದು ದಾಖಲೆ."

ಕಿಟಕಿಯಾಚೆ ನಲ್ಲಿಗಾಗಿ ಕಾದಿದ್ದವರ ಸಾಲಿನಲ್ಲಿ ಗುಮಾಸ್ತರ ಅಕ್ಕನೂ ಇದ್ದಳು. ಒಂಬತ್ತು ವರ್ಷದಿಂದ ಎರಡು ಬೀದಿ ದಾಟಿ ನೀರು ಹೊತ್ತು ಅವಳ ಸೊಂಟ ಬಿದ್ದುಹೋಗಿತ್ತು. ಪಟ್ಟಿಯಲ್ಲಿ ಅವಳು ಇನ್ನೂರ ಏಳನೆಯವಳು.

ಸಾಹೇಬರು ನ್ಯಾಯವಂತರು. ಪಟ್ಟಿ ಇದೆಯೋ ಇಲ್ಲವೋ ಎಂದು ತಿಳಿಯಲು ಮೂವರ ಸಮಿತಿ ನೇಮಿಸಿದರು. ಸಮಿತಿ ಮೊದಲ ದಿನವೇ ಪ್ರಕಟಣೆ ಹೊರಡಿಸಿತು: 'ಪಟ್ಟಿಯ ಅಸ್ತಿತ್ವವನ್ನು ಅಡಚಣೆಯಿಲ್ಲದೆ ಪರಿಶೀಲಿಸುವ ಸಲುವಾಗಿ ಸಿಬ್ಬಂದಿಯೆಲ್ಲರೂ ಕೂಡಲೇ ಲಾಗೌಟ್ ಆಗತಕ್ಕದ್ದು.'

ಗುಮಾಸ್ತರು, ಹಾಗೆ ಮಾಡಿದರೆ ಪಟ್ಟಿ ಹೋಗಿಬಿಡುತ್ತದೆ ಎಂದು ಗೋಗರೆದರು. ಇಲ್ಲದ್ದು ಹೋಗುವುದು ಹೇಗೆ ಎಂದು ಸಮಿತಿ ಕೇಳಿತು. ಕೊನೆಗೆ ಸಮಿತಿಯ ಹಿರಿಯರೇ ಅವರ ಬೆರಳು ಹಿಡಿದು, ಮಗುವಿಗೆ ಅಕ್ಷರ ತಿದ್ದಿಸುವಂತೆ, ಗುಂಡಿ ಒತ್ತಿಸಿದರು.

ವರದಿ ಅದೇ ಮಧ್ಯಾಹ್ನ ಬಂತು. ಪಟ್ಟಿ ಇಲ್ಲ. ಇರಲಿಲ್ಲವಾದ್ದರಿಂದ ಅಳಿದಿಲ್ಲ. ಅಳಿಯದ್ದರಿಂದ ಯಾರ ತಪ್ಪೂ ಇಲ್ಲ. ನಿರ್ದೋಷಿಯೆಂದು ತೀರ್ಮಾನವಾದ ಗುಮಾಸ್ತರಿಗೆ ಸಾಹೇಬರು ಕೈಕುಲುಕಿ, ಹೊಸ ಅರ್ಜಿಗಳನ್ನು ತಾತ್ಕಾಲಿಕ ಪಟ್ಟಿಗೆ ಏರಿಸಲು ಹೇಳಿದರು.

ಮರುದಿನ ಬೆಳಕು ಹರಿಯುವ ಮೊದಲೇ ಅಕ್ಕ ಕಿಟಕಿಯೆದುರು ಬಂದು ಕೂತಿದ್ದಳು.

"ಈ ಸಲ ನಾನು ಎಷ್ಟನೆಯವಳೋ, ತಮ್ಮಾ?"

ಗುಮಾಸ್ತರು ತಲೆಯೆತ್ತಲಿಲ್ಲ. "ಮೊದಲನೆಯವಳು, ಅಕ್ಕಾ."

"ನೋಡಿ ಮತ್ತೆ," ಎಂದು ಅವಳು ಹಿಂದಿನವರತ್ತ ತಿರುಗಿದಳು. "ಸುಮ್ಮನೆ ಕಚೇರಿಯವರನ್ನ ಬೈತೀರಿ. ಒಂದೇ ದಿನದಲ್ಲಿ ಇನ್ನೂರ ಆರು ಜನರನ್ನ ದಾಟಿಸಿಲ್ಲವೇ ನನ್ನ?"

ಸಾಲು ಹೌದೆಂದು ತಲೆಯಾಡಿಸಿತು. ಅಕ್ಕ ಖಾಲಿ ಕೊಡ ಎತ್ತಿಕೊಂಡು, ಸೊಂಟ ಹಿಡಿದು, ಎರಡು ಬೀದಿಯಾಚೆಗೆ ಹೊರಟಳು.